ಇಪ್ಪತ್ತನಾಲ್ಕೋ ತೊಂಬತ್ತಾರೋ?

ಆಟದಲ್ಲಿ ಜಗಳ ಹುಟ್ಟುವುದು ಹೊಸ ಸಂಗತಿಯೇನೂ ಅಲ್ಲ. ಚೌಕಾಬಾರ ಆಡುವ ಮನೆಗಳಲ್ಲಿ, ಕವಡೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳುವುದನ್ನು ನಾನು ಬಾಲ್ಯದಲ್ಲಿ ಎಷ್ಟೋ ಸಲ ಕಂಡಿದ್ದೇನೆ: ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೋ, ಕೂಡದೋ? ಒಂದು ಮನೆಯಲ್ಲಿ ಹೋಗಬಹುದು. ಪಕ್ಕದ ಮನೆಯಲ್ಲಿ ಕೂಡದು. ಇವೆರಡರಲ್ಲಿ ಯಾವುದು ಸರಿ ಎಂದು ಯಾರೂ ವಾದಿಸುತ್ತಿರಲಿಲ್ಲ. ಈ ಹೊತ್ತು ಯಾವುದು ಎಂದಷ್ಟೇ ಗೊತ್ತುಮಾಡಿಕೊಂಡು ಕವಡೆ ಹಾಕುತ್ತಿದ್ದರು. ಆ ಸಣ್ಣ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ; ನನ್ನ ಮನೆಯ ಮೇಜಿನ ಸುತ್ತ ಬೇರೊಂದು ಆಟ ನಡೆಯುತ್ತಿದ್ದಾಗ, ನ್ಯಾಯ ಹೇಳಲು ಹೋಗಿ ನಾನೇ ನಾಚಿಕೊಂಡಾಗ.

ಈಗಿನ ಹುಡುಗರು ಆಡುವ ಕಲ್ಪನಾಲೋಕದ ಆಟಗಳನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ದೊಡ್ಡದೊಂದು ಪೆಟ್ಟಿಗೆ, ಅದರೊಳಗೆ ಹಾಸು, ಕಾಯಿಗಳು, ನೂರಾರು ಕಾರ್ಡುಗಳು. ಮಾಂತ್ರಿಕರು, ರಾಕ್ಷಸರು, ಅನ್ಯಗ್ರಹದ ಜೀವಿಗಳು ಎಲ್ಲರೂ ಅಲ್ಲಿ ಉಂಟು. ಚದುರಂಗಕ್ಕೂ ಇವಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಚದುರಂಗದ ನಿಯಮಗಳು ಕೆಲವೇ. ಅವು ಇಬ್ಬರಿಗೂ ಒಂದೇ. ಕುದುರೆಯ ನಡೆ ಆಟದ ನಡುವೆ ಬದಲಾಗುವುದಿಲ್ಲ. ಇಲ್ಲಿಯಾದರೋ ಪ್ರತಿಯೊಂದು ಕಾರ್ಡೂ ನಿಯಮಕ್ಕೆ ಒಂದು ಅಪವಾದ. ಅಮೆರಿಕದಲ್ಲಿ 1977ರಲ್ಲಿ ಹೊರಬಂದ ‘ಕಾಸ್ಮಿಕ್ ಎನ್‌ಕೌಂಟರ್’ ಎಂಬ ಆಟ ಈ ಬಗೆಯವುಗಳಿಗೆ ಹಿರಿಯಣ್ಣನಿದ್ದಂತೆ. ಅದರಲ್ಲಿ ಪ್ರತಿ ಆಟಗಾರನಿಗೂ ಒಂದು ‘ಶಕ್ತಿ’ ಸಿಗುತ್ತದೆ. ಆಟದ ಯಾವುದಾದರೂ ಒಂದು ನಿಯಮವನ್ನು ಮುರಿಯುವ ಹಕ್ಕೇ ಆ ಶಕ್ತಿ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಈ ತತ್ತ್ವವನ್ನು ಸಾವಿರಾರು ಕಾರ್ಡುಗಳಿಗೆ ವಿಸ್ತರಿಸಿತು. ಕಾರ್ಡಿನ ಮಾತಿಗೂ ನಿಯಮದ ಮಾತಿಗೂ ವಿರೋಧ ಬಂದರೆ ಕಾರ್ಡಿನ ಮಾತೇ ಗೆಲ್ಲಬೇಕೆಂದು ಅದರ ನಿಯಮಾವಳಿಯೇ ಹೇಳುತ್ತದೆ.

ಒಂದು ಅಪವಾದ ನಿಯಮಕ್ಕೆ ಎದುರಾದರೆ ತೊಂದರೆಯಿಲ್ಲ. ಎರಡು ಅಪವಾದಗಳು ಕೂಡಿದರೆ ಏನಾಗಬೇಕು? ಒಂದು ಆಟದಲ್ಲಿ ಐವತ್ತು ಶಕ್ತಿಗಳಿದ್ದರೆ ಅವುಗಳಿಂದ 1,225 ಜೋಡಿಗಳಾಗುತ್ತವೆ. ಕಾರ್ಡು ಬರೆದವನು ಐವತ್ತನ್ನೂ ಒಂದೊಂದಾಗಿ ಚಿಂತಿಸಿ ಬರೆದಿರಬಹುದು; ಅಷ್ಟೂ ಜೋಡಿಗಳನ್ನು ಕೂಡಿಸಿ ನೋಡಿರುತ್ತಾನೆಂದು ನಂಬುವುದು ಕಷ್ಟ. ಅವನು ನೋಡದ ಜೋಡಿಯೊಂದು ಒಂದಲ್ಲ ಒಂದು ದಿನ ಯಾರದೋ ಮನೆಯ ಮೇಜಿನ ಮೇಲೆ ಪ್ರತ್ಯಕ್ಷವಾಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ.

ಒಂದು ಭಾನುವಾರ ಮಧ್ಯಾಹ್ನ ನನ್ನ ಮಗ ಮತ್ತು ಅವನ ಮೂವರು ಸ್ನೇಹಿತರು ‘ಕಾಸ್ಮಿಕ್ ಎನ್‌ಕೌಂಟರ್’ ಆಡುತ್ತಿದ್ದರು. ಒಬ್ಬೊಬ್ಬರಿಗೂ ಎರಡೆರಡು ಶಕ್ತಿಗಳನ್ನು ಹಂಚಿಕೊಂಡಿದ್ದರು. ಹಾಗೆ ಆಡುವ ಪದ್ಧತಿಯೂ ಉಂಟು. ಕದನದ ಲೆಕ್ಕ ಸುಲಭವಾದದ್ದು. ನಿಮ್ಮ ಹಡಗುಗಳು ಎಷ್ಟೋ ಅಷ್ಟಕ್ಕೆ, ನೀವು ಇಳಿಸಿದ ಕಾರ್ಡಿನ ಬೆಲೆಯನ್ನು ಕೂಡಿಸಬೇಕು. ಮೊತ್ತ ಹೆಚ್ಚಾದವನು ಗೆದ್ದ. ನನ್ನ ಮಗ ನಾಲ್ಕು ಹಡಗುಗಳೊಡನೆ ದಾಳಿಮಾಡಿ 30ರ ಕಾರ್ಡನ್ನು ಇಳಿಸಿದ, ಒಟ್ಟು 34. ಎದುರಿಗಿದ್ದ ಹುಡುಗ ಮಿತಭಾಷಿ. ಅವನ ಗ್ರಹದ ಮೇಲೆ ಇದ್ದದ್ದು ಮೂರು ಹಡಗು, ಕೈಯಿಂದ ಬಂದದ್ದು 8ರ ಕಾರ್ಡು. ಮಾಮೂಲಿನ ಲೆಕ್ಕದಲ್ಲಿ ಅದು 11. ಆದರೆ ಅವನ ಬಳಿ ‘ಮ್ಯಾಕ್ರಾನ್’ ಮತ್ತು ‘ವೈರಸ್’ ಎಂಬ ಎರಡು ಶಕ್ತಿಗಳಿದ್ದುವು. ಮ್ಯಾಕ್ರಾನ್‌ನ ಒಂದೊಂದು ಹಡಗಿಗೂ ಒಂದರ ಬದಲು ನಾಲ್ಕರ ಬೆಲೆ. ವೈರಸ್‌ಗೆ ಹಡಗುಗಳನ್ನೂ ಕಾರ್ಡನ್ನೂ ಕೂಡಿಸುವ ಬದಲು ಗುಣಿಸುವ ಹಕ್ಕು. ಮ್ಯಾಕ್ರಾನ್ ಒಂದೇ ಆಗಿದ್ದರೆ 12ಕ್ಕೆ 8 ಸೇರಿ 20. ವೈರಸ್ ಒಂದೇ ಆಗಿದ್ದರೆ 3ರಿಂದ 8ನ್ನು ಗುಣಿಸಿ 24. ಎರಡೂ ಕೂಡಿದರೆ?

“ಹನ್ನೆರಡೆಂಟ್ಲ ತೊಂಬತ್ತಾರು” ಎಂದ ಆ ಹುಡುಗ.

“ಅದು ಹೇಗೆ? ಹಡಗು ಇರುವುದು ಮೂರೇ. ಇಪ್ಪತ್ತನಾಲ್ಕು” ಎಂದ ನನ್ನ ಮಗ. ಅವನಿಗೆ ಅದಾಗಲೇ ನಾಲ್ಕು ನೆಲೆಗಳಿದ್ದುವು. ಐದನೆಯದು ಸಿಕ್ಕರೆ ಆಟವೇ ಅವನದು. 34ರ ಮುಂದೆ 24 ಸೋಲುತ್ತದೆ, 96 ಗೆಲ್ಲುತ್ತದೆ. ಇಡೀ ಮಧ್ಯಾಹ್ನದ ಆಟ ಆ ಒಂದು ಗುಣಾಕಾರದ ಮೇಲೆ ನಿಂತಿತು. ಪುಸ್ತಿಕೆಯನ್ನು ಹುಡುಕಿದರು, ಎಲ್ಲರಿಗೂ ಒಪ್ಪಿಗೆಯಾಗುವಂಥ ಮಾತು ಸಿಗಲಿಲ್ಲ. ಕೊನೆಗೆ, “ಅಪ್ಪ, ನೀವು ವ್ಯಾಕರಣ ಪಾಠ ಹೇಳುವವರಲ್ಲವೆ, ನೀವೇ ಹೇಳಿ” ಎಂದು ನನ್ನನ್ನು ಕರೆದರು.

ಅಧ್ಯಾಪಕನನ್ನು ವ್ಯಾಕರಣದ ಹೆಸರಿನಲ್ಲಿ ಕರೆದರೆ ಅವನು ಬಾರದೆ ಇರುವುದುಂಟೆ? ಕನ್ನಡಕ ಹಾಕಿಕೊಂಡು ಎರಡು ಕಾರ್ಡುಗಳನ್ನೂ ಓದಿದೆ. ಗಂಭೀರವಾಗಿ ತೀರ್ಪು ಹೇಳಿದೆ: “ಮ್ಯಾಕ್ರಾನ್ ಬದಲಾಯಿಸುವುದು ಕೂಡಿಸುವಾಗ ಹಡಗಿಗೆ ಬರುವ ಬೆಲೆಯನ್ನು. ವೈರಸ್ ಕೂಡಿಸುವ ಕ್ರಿಯೆಯನ್ನೇ ತೆಗೆದುಹಾಕುತ್ತದೆ. ಕೂಡಿಸುವುದೇ ಇಲ್ಲದ ಮೇಲೆ ಮ್ಯಾಕ್ರಾನ್‌ಗೆ ಕೆಲಸವೆಲ್ಲಿ? ಹಡಗಿನ ಬೆಲೆ ಬೇರೆ, ಹಡಗಿನ ಸಂಖ್ಯೆ ಬೇರೆ. ಸಂಖ್ಯೆ ಮೂರೇ. ಆದ್ದರಿಂದ ಇಪ್ಪತ್ತನಾಲ್ಕು.” ಮಗ ಗೆದ್ದ. ಆ ಹುಡುಗ ಒಂದು ಕ್ಷಣ ಕಾರ್ಡುಗಳನ್ನೇ ನೋಡುತ್ತಿದ್ದು, “ಆಗಲಿ ಅಂಕಲ್” ಎಂದು ತನ್ನ ಹಡಗುಗಳನ್ನು ಹಾಸಿನಿಂದ ತೆಗೆದ.

ಆ ‘ಆಗಲಿ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ಅದರಲ್ಲಿ ಒಪ್ಪಿಗೆ ಇರಲಿಲ್ಲ. ಮನೆಯ ಯಜಮಾನನಿಗೆ ತೋರುವ ಮರ್ಯಾದೆ ಇತ್ತು. ನನ್ನ ತರ್ಕದಲ್ಲಿ ದೋಷವಿತ್ತೆ? ಈಗಲೂ ಇತ್ತೆಂದು ನನಗನ್ನಿಸುವುದಿಲ್ಲ. ಆದರೆ ‘ಒಂದು ಹಡಗಿಗೆ ನಾಲ್ಕು ಹಡಗಿನ ಬೆಲೆಯಾದರೆ ಮೂರಕ್ಕೆ ಹನ್ನೆರಡಾಯಿತು, ಗುಣಿಸಬೇಕಾದದ್ದು ಆ ಹನ್ನೆರಡನ್ನು’ ಎಂಬ ಅವನ ತರ್ಕದಲ್ಲಿಯೂ ದೋಷ ಕಾಣುವುದಿಲ್ಲ. ಆ ರಾತ್ರಿ ನನ್ನನ್ನು ನಾನೇ ಕೇಳಿಕೊಂಡೆ: ಆ ಮೂರು ಹಡಗು ನನ್ನ ಮಗನವಾಗಿದ್ದರೆ ನನ್ನ ವ್ಯಾಕರಣ ಯಾವ ಕಡೆಗೆ ವಾಲುತ್ತಿತ್ತು?

ಇಂಥ ಬಿಕ್ಕಟ್ಟುಗಳನ್ನು ಬೇರೆಯವರು ಹೇಗೆ ಬಿಡಿಸಿಕೊಂಡಿದ್ದಾರೆಂದು ನೋಡುವ ಕುತೂಹಲ ನನಗೆ ಆಗ ಹುಟ್ಟಿತು. ಮೊದಲನೆಯ ದಾರಿ ಶಾಸ್ತ್ರದ್ದು: ನಿಯಮಗಳನ್ನು ಎಷ್ಟು ಸೂಕ್ಷ್ಮವಾಗಿ ಬರೆಯಬೇಕೆಂದರೆ ಸಂದೇಹಕ್ಕೆ ಎಡೆಯೇ ಇರಬಾರದು. ‘ಮ್ಯಾಜಿಕ್’ ಆಟದವರು ಹಿಡಿದದ್ದು ಇದನ್ನು. ಅವರ ಸಮಗ್ರ ನಿಯಮಾವಳಿ ಈಗ ಇನ್ನೂರು ಪುಟಗಳಿಗೂ ಮಿಕ್ಕಿದೆ. ಪಂದ್ಯಗಳಲ್ಲಿ ತೀರ್ಪುಗಾರರೇ ನಿಂತಿರುತ್ತಾರೆ. ಅಲ್ಲಿಯ ಒಂದು ಪ್ರಸಿದ್ಧ ಬಿಕ್ಕಟ್ಟನ್ನು ಹೇಳುತ್ತೇನೆ. 1997ರಲ್ಲಿ ಬಂದ ‘ಹ್ಯುಮಿಲಿಟಿ’ ಎಂಬ ಮಂತ್ರದ ಕಾರ್ಡು, ಎಲ್ಲ ಪ್ರಾಣಿಗಳೂ ತಮ್ಮ ಶಕ್ತಿಯನ್ನು ಕಳೆದುಕೊಂಡು ಒಂದೊಂದರ ಬಲಕ್ಕೆ ಇಳಿಯಲಿ ಎನ್ನುತ್ತದೆ. 1999ರಲ್ಲಿ ಬಂದ ‘ಒಪಲೆಸೆನ್ಸ್’ ಎಂಬುದು ತನ್ನ ಜಾತಿಯ ಇತರ ಮಂತ್ರಗಳನ್ನು ಪ್ರಾಣಿಗಳನ್ನಾಗಿ ಮಾಡುತ್ತದೆ. ಮಂತ್ರದ ಖರ್ಚೆಷ್ಟೋ ಪ್ರಾಣಿಯ ಬಲವೂ ಅಷ್ಟು. ಎರಡೂ ಒಟ್ಟಿಗೆ ಬಂದುವೆನ್ನಿ. ಆಗ ಹ್ಯುಮಿಲಿಟಿಯೇ ಒಂದು ಪ್ರಾಣಿಯಾಯಿತು. ಪ್ರಾಣಿಗಳೆಲ್ಲ ಶಕ್ತಿಹೀನವಾಗಬೇಕೆಂಬುದು ಅದರದೇ ಆಜ್ಞೆ. ಆದ್ದರಿಂದ ಅದೂ ಶಕ್ತಿಹೀನ. ಅದು ಶಕ್ತಿಹೀನವಾದರೆ ಆಜ್ಞೆಯೆಲ್ಲಿ? ಆಜ್ಞೆಯಿಲ್ಲದಿದ್ದರೆ ಅದು ಶಕ್ತಿಹೀನವಾದದ್ದು ಹೇಗೆ? ಹಾವು ತನ್ನ ಬಾಲವನ್ನೇ ನುಂಗಿದ ಹಾಗಾಯಿತು.

ಇದಕ್ಕೆ ಅವರು ಕಂಡುಕೊಂಡ ಪರಿಹಾರ ಯಾವ ಶಾಸ್ತ್ರಕಾರನೂ ಮೆಚ್ಚುವಂಥದು. ಪರಿಣಾಮಗಳನ್ನೆಲ್ಲ ಪದರಗಳಾಗಿ ವಿಂಗಡಿಸಿದರು: ವಸ್ತುವಿನ ಜಾತಿಯನ್ನು ಬದಲಾಯಿಸುವುವು ಮೊದಲು, ಶಕ್ತಿಯನ್ನು ಕೊಡುವ ಅಥವಾ ಕಸಿಯುವುವು ಆಮೇಲೆ, ಬಲದ ಅಂಕಿಯನ್ನು ಮುಟ್ಟುವುವು ಕಡೆಗೆ. ಒಂದು ಪದರದಲ್ಲಿ ಕೆಲಸ ಆರಂಭಿಸಿದ ಪರಿಣಾಮ, ಅದರ ಮೂಲಶಕ್ತಿ ನಡುವೆ ಹೋದರೂ, ಮುಂದಿನ ಪದರಗಳಲ್ಲಿ ನಡೆದೇ ತೀರುತ್ತದೆ. ಒಂದೇ ಪದರದಲ್ಲಿ ಎರಡು ಎದುರಾದರೆ, ಒಂದು ಇನ್ನೊಂದನ್ನು ಅವಲಂಬಿಸಿರದಿದ್ದಲ್ಲಿ, ಹಿಂದಿನಿಂದ ಬಂದದ್ದು ಗೆಲ್ಲುತ್ತದೆ. ಹೀಗಾಗಿ ಆ ಹ್ಯುಮಿಲಿಟಿ ತಾನು ಕಡೆಗೆ ಬಂದಿದ್ದರೆ ಒಂದರ ಬಲದ ಪ್ರಾಣಿ, ಒಪಲೆಸೆನ್ಸ್ ಕಡೆಗೆ ಬಂದಿದ್ದರೆ ನಾಲ್ಕರ ಬಲದ ಪ್ರಾಣಿ.

ಹಿಂದಿನಿಂದ ಬಂದದ್ದು ಗೆಲ್ಲುತ್ತದೆ! ಇದನ್ನು ಓದಿದಾಗ ನನಗೆ ಹಳೆಯ ಪರಿಚಯಸ್ಥನೊಬ್ಬ ಅನ್ಯದೇಶದ ಬೀದಿಯಲ್ಲಿ ಸಿಕ್ಕಂತಾಯಿತು. ಪಾಣಿನಿ ತನ್ನ ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ಎರಡನೆಯ ಸೂತ್ರವಾಗಿ, ಇಂಥದೇ ಒಂದು ವ್ಯವಸ್ಥೆ ಮಾಡಿದ್ದಾನೆ. ಸಮಾನ ಬಲದ ಎರಡು ಸೂತ್ರಗಳು ಎದುರಾದಾಗ ‘ಪರ’ವಾದದ್ದು ನಡೆಯಬೇಕೆಂದು ಅದರ ತಾತ್ಪರ್ಯ. ‘ಪರ’ ಎಂದರೆ ಗ್ರಂಥದ ಕ್ರಮದಲ್ಲಿ ಮುಂದೆ ಬರುವ ಸೂತ್ರ ಎಂದು ಸಂಪ್ರದಾಯ ಅರ್ಥಮಾಡಿತು. ಹಾಗೆ ಮಾಡಿದರೆ ಕೆಲವೆಡೆ ತಪ್ಪು ರೂಪ ಬರುತ್ತದೆಂದು ಕಂಡು, ಅದನ್ನು ಸರಿಪಡಿಸಲು ವೈಯಾಕರಣರು ಬೇರೆ ಪರಿಭಾಷೆಗಳನ್ನು ಕಲ್ಪಿಸಿದರು. 2022ರಲ್ಲಿ ಕೇಂಬ್ರಿಡ್ಜಿನ ಸಂಶೋಧಕ ರಿಷಿ ರಾಜ್‌ಪೋಪಟ್, ‘ಪರ’ ಎಂಬುದು ಸೂತ್ರದ ಕ್ರಮಕ್ಕೆ ಸಂಬಂಧಿಸಿದ್ದಲ್ಲ, ಪದದ ಬಲಭಾಗದಲ್ಲಿ ನಡೆಯುವ ಕಾರ್ಯಕ್ಕೆ ಸಂಬಂಧಿಸಿದ್ದು ಎಂದು ವಾದಿಸಿದರು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಇದರ ಸ್ವಾರಸ್ಯವನ್ನು ಗಮನಿಸಬೇಕು. ಜಗಳವನ್ನು ಬಿಡಿಸಲೆಂದು ಬರೆದ ಸೂತ್ರದ ಅರ್ಥವೇ, ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಳೆದ ಮೇಲೂ, ಜಗಳಕ್ಕೆ ವಸ್ತುವಾಗಿದೆ. ಪಾಣಿನಿಯಷ್ಟು ಅಚ್ಚುಕಟ್ಟಾಗಿ ಬರೆದವನ ಗತಿಯೇ ಇದಾದರೆ ಪೆಟ್ಟಿಗೆಯೊಳಗಿನ ಪುಸ್ತಿಕೆಯನ್ನು ಏಕೆ ದೂರಬೇಕು?

ಮೀಮಾಂಸಕರು ಇದನ್ನು ಇನ್ನೂ ನೇರವಾಗಿ ಒಪ್ಪಿಕೊಂಡವರು. ವಾಕ್ಯಗಳ ಬಲಾಬಲವನ್ನು ತೂಗಲು ಜೈಮಿನಿ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಮೆಟ್ಟಿಲುಗಳನ್ನು ಕಟ್ಟಿದ. ಅಷ್ಟಾದರೂ ಅತಿರಾತ್ರ ಯಾಗದಲ್ಲಿ ಷೋಡಶಿ ಪಾತ್ರೆಯನ್ನು ತೆಗೆದುಕೊಳ್ಳಬೇಕೆಂದು ಒಂದು ವಾಕ್ಯ, ಕೂಡದೆಂದು ಇನ್ನೊಂದು ವಾಕ್ಯ ಸಿಕ್ಕಿದಾಗ, ಎರಡರಲ್ಲಿ ಯಾವುದನ್ನಾದರೂ ಮಾಡಬಹುದೆಂದು ‘ವಿಕಲ್ಪ’ ಹೇಳಬೇಕಾಯಿತು. ವಿಕಲ್ಪಕ್ಕೆ ಎಂಟು ದೋಷಗಳಿವೆಯೆಂದು ಎಣಿಸಿಟ್ಟವರೂ ಅವರೇ. ಬೇರೆ ದಾರಿ ಇಲ್ಲದಾಗ ಮಾತ್ರ ಅದು. ಶಾಸ್ತ್ರ ಒಂದು ಕಡೆ ಮುಗಿಯುತ್ತದೆ, ಆ ಮುಂದಕ್ಕೆ ನಡೆಯಬೇಕಾದವನು ಮನುಷ್ಯ ಎಂಬುದನ್ನು ಅವರು ಮುಚ್ಚಿಡಲಿಲ್ಲ.

“ಆಟ ಬರೆದವನನ್ನೇ ಕೇಳಿದರಾಯಿತಲ್ಲ” ಎನ್ನಬಹುದು. ವೇದವಾದರೆ ಅಪೌರುಷೇಯ, ಕೇಳಲು ಕರ್ತೃವಿಲ್ಲ. ಆಟಗಳಿಗೆ ಕರ್ತೃಗಳಿದ್ದಾರೆ, ಪ್ರಕಾಶಕರು ಪ್ರಶ್ನೋತ್ತರಗಳನ್ನು ಅಚ್ಚುಹಾಕುವುದೂ ಉಂಟು. ಕರ್ತೃವಿನ ಆಶಯ ತಿಳಿದರೆ ಒಳ್ಳೆಯದೇ. ಆದರೆ ಅವನು ಕೂಡಿಸಿ ನೋಡದ ಜೋಡಿಯ ವಿಷಯದಲ್ಲಿ ಅವನಿಗೆ ಆಶಯವೆಂಬುದು ಇರಲೇ ಇಲ್ಲವಷ್ಟೆ? ನಾವು ಕೇಳಿದ ಮೇಲೆ ಅವನು ಹೇಳುವುದು ಹಳೆಯ ಆಶಯವನ್ನಲ್ಲ, ಹೊಸ ತೀರ್ಪನ್ನು. ಅವನ ತೀರ್ಪಿಗೆ ನಾವು ತಲೆಬಾಗುವುದು ಅವನು ಹೆಚ್ಚು ಬಲ್ಲನೆಂದು ಮಾತ್ರವಲ್ಲ. ಮೇಜಿನ ಮೇಲಿರುವ ಹಡಗುಗಳಲ್ಲಿ ಒಂದೂ ಅವನದಲ್ಲ; ಅದರಿಂದಲೇ ಅವನ ಮಾತಿಗೆ ತೂಕ.

ಉಳಿದ ದಾರಿಗಳು ಶಾಸ್ತ್ರದ ಆಚೆಗಿನವು. 2001ರಲ್ಲಿ ಬಂದ ‘ಮಂಚ್‌ಕಿನ್’ ಎಂಬುದು ಇಂಥ ಆಟಗಳನ್ನು ಗೇಲಿಮಾಡುವ ಒಂದು ಆಟ. ಕೊನೆಗೂ ತೀರದ ಜಗಳಗಳನ್ನು ಗಟ್ಟಿಯಾಗಿ ಕೂಗಾಡಿ ತೀರಿಸಿಕೊಳ್ಳಿ, ಪೆಟ್ಟಿಗೆ ಯಾರದೋ ಅವರ ಮಾತೇ ಕೊನೆಯದು ಎಂದು ಅದರ ನಿಯಮವೇ ಹೇಳುತ್ತದೆ. ಓದಿ ನಕ್ಕೆ, ನಕ್ಕ ಮೇಲೆ ನಗು ನಿಂತಿತು. ನಮ್ಮ ಮನೆಯಲ್ಲಿ ನಡೆದದ್ದು ಇದೇ ಅಲ್ಲವೆ? ಕೂಗಾಟ ಇರಲಿಲ್ಲ ನಿಜ. ಅದರ ಬದಲು ವ್ಯಾಕರಣ ಇತ್ತು. ಆದರೆ ಮೇಜು ನನ್ನದು, ಪೆಟ್ಟಿಗೆ ನನ್ನ ಮಗನದು.

ಸೈನ್ಯದ ಗೊಂಬೆಗಳನ್ನಿಟ್ಟು ಆಡುವ ‘ವಾರ್‌ಹ್ಯಾಮರ್’ ಆಟದ ನಿಯಮಪುಸ್ತಕಗಳಲ್ಲಿ ಇನ್ನೊಂದು ದಾರಿ ಕಾಣುತ್ತದೆ: ಒಪ್ಪಂದ ಆಗದಿದ್ದರೆ ದಾಳ ಹಾಕಿ, ಬಂದದ್ದನ್ನು ಒಪ್ಪಿ ಮುಂದೆ ಆಡಿ. ತರ್ಕವನ್ನು ನೆಚ್ಚುವವರಿಗೆ ಇದು ಅವಮಾನವೆಂದು ತೋರುತ್ತದೆ. ಆದರೂ ದಾಳಕ್ಕೆ ಒಂದು ಗುಣವಿದೆ. ಅದಕ್ಕೆ ಮಗನಿಲ್ಲ. ಕಾರಣವನ್ನು ಹೇಳಲಾರದು, ಪಕ್ಷಪಾತವನ್ನೂ ಮಾಡಲಾರದು.

ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದ್ದು ಮತ್ತೊಂದು ದಾರಿ. 2016ರಲ್ಲಿ ಬಂದ ‘ಆರ್ಕಮ್ ಹಾರರ್’ ಕಾರ್ಡಿನ ಆಟದಲ್ಲಿ ಆಟಗಾರರೆಲ್ಲ ಒಂದು ಕಡೆ, ಆಟವೇ ಎದುರುಪಕ್ಷ. ಅಲ್ಲಿ ‘ಕಠೋರ ನಿಯಮ’ ಎಂದು ಕರೆಯಬಹುದಾದ ಒಂದು ವಿಧಿಯಿದೆ. ನಿಯಮದಲ್ಲಿ ಉತ್ತರ ಸಿಗದಿದ್ದರೆ, ನಿಮ್ಮ ಗೆಲುವಿಗೆ ಆ ಹೊತ್ತಿನಲ್ಲಿ ಯಾವುದು ಅತ್ಯಂತ ಕೆಡುಕೆಂದು ನಿಮಗೇ ತೋರುತ್ತದೋ ಅದನ್ನೇ ಸರಿಯೆಂದು ಹಿಡಿದು ಮುಂದುವರಿಯಿರಿ ಎಂದು. ಸಂದೇಹದ ಲಾಭವನ್ನು ಎದುರಾಳಿಗೆ ಬಿಟ್ಟುಕೊಡು ಎಂಬ ಈ ಮಾತು ಆಟದ ಪುಸ್ತಿಕೆಯಲ್ಲಿ ಬಂದಿರುವುದರಿಂದ ನೀತಿಯೆಂದು ನಮಗೆ ಹೊಳೆಯುವುದಿಲ್ಲ. ಆದರೆ ಅದು ನೀತಿಯೇ. ಅಂದು ನನ್ನ ಮಗ, ‘ಎರಡೂ ಅರ್ಥ ಆಗುವ ಹಾಗಿದೆ, ನನಗೆ ಕೆಡುಕಾಗುವುದನ್ನೇ ಹಿಡಿಯೋಣ, ತೊಂಬತ್ತಾರು’ ಎಂದಿದ್ದರೆ ಎಷ್ಟು ಚೆನ್ನಾಗಿತ್ತು!

ಹೀಗೆಂದುಕೊಂಡ ಮರುಗಳಿಗೆಯೇ ತೊಡಕು ಕಂಡಿತು. ಕಾಗದದ ರಾಕ್ಷಸನ ಮುಂದೆ ಔದಾರ್ಯ ಸುಲಭ. ಎದುರಿಗಿರುವವನು ಮನುಷ್ಯನಾದರೆ, ಅವನೂ ಸಜ್ಜನನಾದರೆ? ‘ನಿನ್ನದೇ ಇರಲಿ’, ‘ಇಲ್ಲ, ನಿನ್ನದೇ ಇರಲಿ’ ಎಂದು ಇಬ್ಬರೂ ಕುಳಿತುಬಿಟ್ಟರೆ ಆಟ ಅಲ್ಲಿಗೇ ನಿಂತಿತು. ಒಬ್ಬ ಸಜ್ಜನ, ಇನ್ನೊಬ್ಬ ಗಟ್ಟಿಗನಾದರಂತೂ ಪ್ರತಿ ಸಲವೂ ಸೋಲುವವನು ಸಜ್ಜನನೇ. ಅವನ ‘ಆಗಲಿ’ ಎಂಬ ಮಾತೇ ಇನ್ನೊಬ್ಬನಿಗೆ ಬಂಡವಾಳವಾಗುತ್ತದೆ. ತನ್ನ ವಿಷಯದಲ್ಲಿ ಬಿಟ್ಟುಕೊಡುವುದು ಗುಣವಿರಬಹುದು. ಇನ್ನೊಬ್ಬನ ವಿಷಯದಲ್ಲಿ, ‘ನೀನು ಬಿಟ್ಟುಕೊಡು’ ಎಂದು ತೀರ್ಪು ಹೇಳಲು ಅದು ಆಧಾರವಾಗಲಾರದು.

ಹಾಗಾದರೆ ನನ್ನ ತಪ್ಪು ಇದ್ದದ್ದೆಲ್ಲಿ? ಯೋಚಿಸಿ ನೋಡಿದರೆ ಅದು ನಾನು ಕೊಟ್ಟ ಕಾರಣದಲ್ಲಿ ಇರಲಿಲ್ಲ. ಕಾರಣ ಕೊಟ್ಟ ಹೊತ್ತಿನಲ್ಲಿತ್ತು. ಕಾರ್ಡುಗಳು ಮೇಜಿನ ಮೇಲೆ ತೆರೆದುಬಿದ್ದಿದ್ದುವು. ಯಾವ ಅರ್ಥದಿಂದ ಯಾರು ಗೆಲ್ಲುತ್ತಾರೆಂದು ಎಲ್ಲರಿಗೂ ತಿಳಿದಿತ್ತು; ನನಗೂ ತಿಳಿದಿತ್ತು. ಅಂಥ ಹೊತ್ತಿನಲ್ಲಿ ಬುದ್ಧಿ ಕಾರಣವನ್ನು ಹುಡುಕುವುದಿಲ್ಲ, ವಕೀಲನನ್ನು ಹುಡುಕುತ್ತದೆ. ಸಿಕ್ಕ ವಕೀಲ ಎಷ್ಟು ಜಾಣನೆಂದರೆ, ತನ್ನನ್ನು ನೇಮಿಸಿದವರು ಯಾರೆಂಬುದು ನಮಗೇ ಮರೆತುಹೋಗುತ್ತದೆ. ಉತ್ತರಪತ್ರಿಕೆಗಳ ಮೇಲೆ ವಿದ್ಯಾರ್ಥಿಯ ಹೆಸರನ್ನು ಮರೆಮಾಡಿ ನಮ್ಮ ಕೈಗೆ ಕೊಡುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ, ನಮ್ಮ ಪ್ರಾಮಾಣಿಕತೆಯ ಮೇಲೆ ಇಷ್ಟು ಅನುಮಾನವೆ ಎಂದು ನನಗೆ ಅನ್ನಿಸುತ್ತಿತ್ತು. ಈಗ ಅದು ಅನುಮಾನವೆಂದು ತೋರುವುದಿಲ್ಲ. ಪ್ರಾಮಾಣಿಕನಾಗಿರಲು ನಮಗೆ ಮಾಡಿಕೊಟ್ಟ ಸಹಾಯವೆಂದು ತೋರುತ್ತದೆ. ಅಮೆರಿಕದ ತತ್ತ್ವಜ್ಞ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ತನ್ನ ನ್ಯಾಯಮೀಮಾಂಸೆಯಲ್ಲಿ, ಸಮಾಜದ ನಿಯಮಗಳನ್ನು ಆರಿಸುವವರು ಆ ಸಮಾಜದಲ್ಲಿ ತಮ್ಮ ಸ್ಥಾನವೇನೆಂದು ತಿಳಿಯದೆ ಆರಿಸಬೇಕೆಂದು ಹೇಳಿದ. ಚೌಕಾಬಾರದ ಹಿರಿಯರು ರಾಲ್ಸನನ್ನು ಓದಿದವರಲ್ಲ. ಕವಡೆ ಬೀಳುವ ಮುಂಚೆ ಪ್ರಶ್ನೆ ಕೇಳಬೇಕೆಂಬುದು ಮಾತ್ರ ಅವರಿಗೆ ಗೊತ್ತಿತ್ತು.

ಎಲ್ಲ ಪ್ರಶ್ನೆಗಳನ್ನೂ ಮುಂಚೆಯೇ ಕೇಳಲು ಸಾಧ್ಯವೆ ಎಂದರೆ, ಸಾಧ್ಯವಿಲ್ಲ. 1,225 ಜೋಡಿಗಳನ್ನು ಯಾರು ಕೂಡಿಸಿ ನೋಡಿಯಾರು? ಬಾಳಿನಲ್ಲಿಯಂತೂ ಆ ಸಂಖ್ಯೆಗೆ ಮಿತಿಯೇ ಇಲ್ಲ. ಅಣ್ಣತಮ್ಮಂದಿರು ಪಾಲಿಗೆ ಕುಳಿತಾಗ, ಕಛೇರಿಯಲ್ಲಿ ಬಡ್ತಿಯ ಮಾತು ಬಂದಾಗ, ಯಾವ ನಿಯಮವೂ ನೆನೆಯದ ಜೋಡಿಗಳು ಎದುರಾಗುತ್ತಲೇ ಇರುತ್ತವೆ. ಕಾರ್ಡು ತೆರೆದ ಮೇಲೆಯೇ ತೀರ್ಪು ಹೇಳಬೇಕಾಗಿ ಬಂದರೆ ಎರಡು ಕೆಲಸಗಳನ್ನು ಮಾಡಬಹುದೆಂದು ನನಗೆ ತೋರುತ್ತದೆ. ಮೊದಲನೆಯದು, ಆಟದಲ್ಲಿ ತನ್ನವರಿದ್ದರೆ ತೀರ್ಪಿನ ಪೀಠದಲ್ಲಿ ಕುಳಿತುಕೊಳ್ಳದೆ ಇರುವುದು. ಬೇರೆ ಯಾರೂ ಸಿಗದಿದ್ದರೆ ದಾಳವನ್ನು ಕೇಳುವುದು. ಎರಡನೆಯದು, ಹೇಳಿದ ತೀರ್ಪನ್ನು ಬರೆದಿಟ್ಟು, ಮುಂದೆ ಅದು ತನಗೇ ಪ್ರತಿಕೂಲವಾಗಿ ಬಂದ ದಿನವೂ ಬದಲಾಯಿಸದೆ ಇರುವುದು. ಇವತ್ತಿನ ತೀರ್ಪು ಪಕ್ಷಪಾತವಾಗಿದ್ದಿತೋ ಇಲ್ಲವೋ ಎಂಬುದು ಇವತ್ತು ತಿಳಿಯುವುದಿಲ್ಲ. ಅದು ತಿಳಿಯುವುದು ಆ ಇನ್ನೊಂದು ದಿನ.

ಆ ಭಾನುವಾರದ ನಂತರ ಎರಡು ವಾರ ಆ ಹುಡುಗ ನಮ್ಮ ಮನೆಗೆ ಬರಲಿಲ್ಲ. ಪರೀಕ್ಷೆ ಇತ್ತೆಂದು ಮಗ ಹೇಳಿದ, ಇದ್ದಿರಬಹುದು. ಮೂರನೆಯ ವಾರ ಬಂದ. ಅವರು ಪೆಟ್ಟಿಗೆ ತೆರೆಯುವುದಕ್ಕೆ ಮುಂಚೆ ನಾನು ಹೋಗಿ, “ಅವತ್ತು ನಾನು ಹೇಳಬಾರದಿತ್ತಪ್ಪ” ಎಂದೆ. ಅವನು ಸಂಕೋಚದಿಂದ, “ಪರವಾಗಿಲ್ಲ ಅಂಕಲ್, ನಾವು ಅದನ್ನ ಮುಗಿಸಿಬಿಟ್ಟಿದ್ದೀವಿ” ಎಂದ. ಏನು ಮುಗಿಸಿದ್ದಾರೆಂದು ನನಗೆ ಅರ್ಥವಾಗಲಿಲ್ಲ. ಮಗ ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿದ್ದ ಒಂದು ಚೀಟಿಯನ್ನು ತೋರಿಸಿದ. ನೋಟ್‌ಪುಸ್ತಕದ ಹಾಳೆ; ಬರವಣಿಗೆ ನನ್ನ ಮಗನದು: ‘ಮ್ಯಾಕ್ರಾನ್, ವೈರಸ್ ಇಬ್ಬರೂ ಒಬ್ಬನಿಗೇ ಬಂದರೆ ಮೊದಲು ನಾಲ್ಕರಿಂದ, ಆಮೇಲೆ ಕಾರ್ಡಿನಿಂದ.’ ಕೆಳಗೆ ನಾಲ್ವರ ರುಜು.

ಅಂದರೆ ತೊಂಬತ್ತಾರು. ನನ್ನ ವ್ಯಾಕರಣ ಸೋತಿತ್ತು. “ಏಕಪ್ಪ, ಇಪ್ಪತ್ತನಾಲ್ಕಕ್ಕೂ ಕಾರಣ ಇತ್ತಲ್ಲ?” ಎಂದು ಕೇಳದೆ ಇರಲು ನನ್ನಿಂದ ಆಗಲಿಲ್ಲ. “ಇತ್ತು ಅಪ್ಪ” ಎಂದ ಮಗ, ಶಕ್ತಿಯ ಕಾರ್ಡುಗಳನ್ನು ಕಲೆಸುತ್ತ. “ಆದರೆ ಇದು ಯಾರಿಗೆ ಬರುತ್ತದೋ ಇನ್ನೂ ಗೊತ್ತಿಲ್ಲವಲ್ಲ.”